ನಾನು ಕದಿರಲ್ಲ

ನಾನು ಒಂದು ಪೇಸ್‌ಮೇಕರ್. ಬೆಂಕಿಪೊಟ್ಟಣಕ್ಕಿಂತ ದೊಡ್ಡವನಲ್ಲ, ಮೈ ಲೋಹದ್ದು, ಹೊಟ್ಟೆಯೊಳಗೆ ಬ್ಯಾಟರಿ. ಕಾರ್ಖಾನೆಯಲ್ಲಿ ಹುಟ್ಟಿ, ಆಸ್ಪತ್ರೆಯ ಬೀರುವಿನಲ್ಲಿ ಕಾದು, ಕೊನೆಗೆ ಮಾಳವ್ವನ ಎಡಭುಜದ ಕೆಳಗೆ, ಚರ್ಮದಡಿ ಬಂದು ಕೂತೆ.

ಮಾಳವ್ವ ಕುರಿಯುಣ್ಣೆ ನೂಲುತ್ತಲೇ ಮುದುಕಿಯಾದವಳು. ಅವಳ ಎದೆಯೊಳಗಿನ ಸಂಸಾರ ನೋಡಿ ನನಗೆ ತಲೆ ಕೆಟ್ಟಿತು. ಹೃದಯದ ಮೇಲಿನ ಕೋಣೆಗಳು ತಮ್ಮ ಪಾಡಿಗೆ ಬಡಿಯುತ್ತಿದ್ದವು, ಕೆಳಗಿನವು ತಮ್ಮ ಪಾಡಿಗೆ. ಮೇಲಿನವರ ಮಾತು ಕೆಳಗೆ ಇಳಿಯುತ್ತಲೇ ಇರಲಿಲ್ಲ. ಮಗ್ಗದಲ್ಲಿ ತುಳಿಯುವ ಕಾಲಿಗೂ ಲಾಳಿ ಎಸೆಯುವ ಕೈಗೂ ಹೊಂದಿಕೆ ತಪ್ಪಿದರೆ ಕಂಬಳಿ ಎಲ್ಲಿಂದ ಬರಬೇಕು? ಕೆಳಗಿನವರು ತೂಕಡಿಸಿದಾಗಲೆಲ್ಲ ಮಾಳವ್ವ ಇದ್ದಲ್ಲೇ ಕುಸಿಯುತ್ತಿದ್ದಳು. ನಾನು ಮೇಲಿನ ಬಡಿತ ಆಲಿಸಿ, ನನ್ನಿಂದ ಹೃದಯಕ್ಕೆ ಇಳಿದ ತಂತಿಯ ಮೂಲಕ ಕೆಳಗಿನವರನ್ನು ತಿವಿದು ಎಬ್ಬಿಸತೊಡಗಿದೆ. ಮುದುಕಿ ಎದ್ದು ಓಡಾಡಿದಳು.

ಡಾಕ್ಟರು ಹೇಳಿದ್ದು, ಕೆಲವು ವಾರ ಎಡಗೈ ಮೇಲೆತ್ತಬೇಡಿ ಎಂದಷ್ಟೆ. ಸೊಸೆ ಹೊಳೆವ್ವ ಮನೆಗೆ ಬಂದವಳೇ ನೂಲುವ ಕದಿರನ್ನೇ ಅಟ್ಟಕ್ಕೆ ಹಾಕಿದಳು.

"ಸುಮ್ಮನ ಕುಂದ್ರು ಅತ್ತಿ. ಇನ್ನ ನೂಲೂದು ಬ್ಯಾಡ."

"ಸುಮ್ಮನ ಕುಂದ್ರಾಕ ನಾ ಏನ್ ಗುಡಿ ಮುಂದಿನ ಬಸವಣ್ಣೇನ?"

ಬಾಯಿಯೇನೋ ಸುಮ್ಮನಾಯಿತು, ಬೆರಳು ಸುಮ್ಮನಿರಬೇಕಲ್ಲ! ಗಾಯ ಮಾಯುತ್ತಿದ್ದಂತೆ ಅವು ನನ್ನನ್ನು ಹುಡುಕಿಕೊಂಡವು. ಜಗಲಿಯ ಮೇಲೆ ಕೂತು, ಹಾದಿ ನೋಡುತ್ತಾ, ಹೆಬ್ಬೆರಳು ತೋರುಬೆರಳುಗಳಲ್ಲಿ ಚರ್ಮದ ಮೇಲಿಂದಲೇ ನನ್ನನ್ನು ತಿರುವುವಳು. ಒಂದೇ ದಿಕ್ಕಿಗೆ, ನೂಲಿಗೆ ಹುರಿ ಕೊಟ್ಟಂತೆ. ಅಯ್ಯೋ ತಾಯೀ, ನಾನು ಕದಿರಲ್ಲ! ಕೂಗಲು ನನಗೆಲ್ಲಿ ಬಾಯಿ? ತಂತಿ ನನ್ನ ಮೈಗೇ ಸುತ್ತುತ್ತ ಬಂತು. ಒಂದು ಬೆಳಿಗ್ಗೆ ಅದರ ತುದಿ ಹೃದಯದಿಂದ ಕಿತ್ತುಬಂತು. ನಾನು ತಿವಿಯುತ್ತಲೇ ಇದ್ದೆ, ಯಾರಿಗೂ ತಾಗಲಿಲ್ಲ. ಮಾಳವ್ವ ಜಗಲಿಯಿಂದ ಉರುಳಿದಳು.

ಉಸಿರು ಇರುವಾಗಲೇ ಆಸ್ಪತ್ರೆ ಮುಟ್ಟಿಸಿದರು. ಡಾಕ್ಟರು ಎಕ್ಸ್‌ರೇ ಹಿಡಿದು ಹೊಳೆವ್ವನಿಗೆ ತೋರಿಸಿದರು.

"ಅಯ್ಯ ಶಿವನೆ! ನೂಲಿನ ಉಂಡಿ ಸುತ್ತಿದಂಗ ಸುತ್ಯಾಳಲ್ರೀ ಅತ್ತಿ!"

"ನೂಲ್ತಿದ್ರಾ?"

"ಹೂಂ ರೀ. ನಾನ ಬಿಡಿಸಿದ್ನಿ."

"ಗಾಯ ಮಾಯ್ದ ಮೇಲೆ ಕದಿರನ್ನ ವಾಪಸ್ ಕೊಡಿ ತಾಯಿ. ಇಲ್ಲಾಂದ್ರೆ ಮತ್ತೆ ಇದನ್ನೇ ನೂಲ್ತಾರೆ."

ಹೊಸ ತಂತಿ ಬಂತು. ನನ್ನನ್ನು ಒಳಗಿನ ಸ್ನಾಯುವಿಗೆ ಹೊಲಿದು ಬಿಗಿದರು. ಅಟ್ಟದ ಕದಿರು ಕೆಳಗಿಳಿಯಿತು. ಆಮೇಲೆ ಎಷ್ಟೋ ವರ್ಷ ಅವಳು ಉಣ್ಣೆ ನೂಲಿದಳು. ನಾನು ಕೆಳಗಿನ ಸೋಮಾರಿಗಳನ್ನು ತಿವಿಯುತ್ತ ಬಂದೆ. ಬ್ಯಾಟರಿ ಸೋತಾಗ ನನ್ನ ಜಾಗಕ್ಕೆ ಹೊಸಬ ಬಂದ. ಮಾಳವ್ವ ಹಠ ಹಿಡಿದು ನನ್ನನ್ನು ಕೇಳಿ ಮನೆಗೆ ತಂದಳು.

ಈಗ ಗೋಡೆಯ ಗೂಡಿನಲ್ಲಿದ್ದೇನೆ, ಮುರಿದ ಕದಿರೊಂದರ ಪಕ್ಕದಲ್ಲಿ. ಉಣ್ಣೆ ಮುಗಿದ ಹೊತ್ತಿನಲ್ಲಿ ಮುದುಕಿ ನನ್ನನ್ನು ತೆಗೆದುಕೊಂಡು ಅದೇ ಎರಡು ಬೆರಳಲ್ಲಿ ತಿರುವುತ್ತಾಳೆ. ಹಳೆಯ ಸಿಟ್ಟು ಇಷ್ಟಿಷ್ಟು ಏಳುತ್ತದೆ. ತಿರುವಲಿ ಬಿಡಿ. ಅವಳ ಎದೆಗೆ ಹೋಗುವ ತಂತಿ ಈಗ ನನ್ನಲ್ಲಿಲ್ಲ.