ಅರ್ಧ ಗಂಟೆಯ ಹೆಂಡತಿ

"ಅರ್ಧ ಗಂಟೆ ಹೆಂಡ್ತಿಯಾಗಿ ಕೂತ್ಕೊಳ್ಳಕ್ಕೆ ನಿಂಗೇನೇ ದಾಡಿ, ಮುಂಡೆ?" ಎಂದರು ನಾರಾಯಣಮೂರ್ತಿ ಒಡೆಯರು. ನಾನು ಅವರ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದೆ.

"ಯಾರ್ ಹೆಂಡ್ತಿ, ಒಡೇರೇ?"

"ಆ ಮಿಲಿಟ್ರಿ ಗುತ್ಯಪ್ಪಂದು. ನಾಳೆ ಆಗಸ್ಟ್ ಹದಿನೈದು. ಮಾಜಿ ಯೋಧರಿಗೆ ದಂಪತಿ ಸಮೇತ ಸನ್ಮಾನ ಅಂತ ಅಚ್ಚಾಗಿ ಹೋಗಿದೆ. ತಹಶೀಲ್ದಾರ್ರು ಬರ್ತಾರೆ. ಅವರೆದ್ರಿಗೆ ಗಂಡಸಿನ ಪಕ್ಕ ಗಂಡಸನ್ನ ಕೂರ್ಸಕ್ಕಾಗ್ತದಾ?"

ನಗು ಬಂತು, ನುಂಗಿಕೊಂಡೆ. ಗುತ್ಯಪ್ಪ ನಮ್ಮ ಕೇರಿಯವನೇ. ಹದಿನೇಳು ವರ್ಷ ಸೈನ್ಯದಲ್ಲಿದ್ದು, ಮೂರು ವರ್ಷದ ಹಿಂದೆ ಎರಡು ಕಪ್ಪು ಟ್ರಂಕು ಹಿಡಿದು, ಅದೇ ಪಲ್ಟನ್ನಿನ ಶಂಭುವಿನ ಜೊತೆ ತಾಳಗುಪ್ಪದಲ್ಲಿ ರೈಲಿಳಿದ. "ಇವ್ರು ಯಾರು, ಫ್ರೆಂಡಾ?" ಎಂದವರಿಗೆಲ್ಲ ಅವನದು ಒಂದೇ ಉತ್ತರ: "ನನ್ ಮನೆಯವ್ನು. ಮದ್ವೆಗೆ ಸರ್ಕಾರ ಒಪ್ತಿಲ್ಲ, ಒಪ್ಪಿದ್ರೆ ನಿಮ್ಗೂ ಹೋಳಿಗೆ ಊಟ ಸಿಗ್ತಿತ್ತು." ಊರು ಒಂದು ತಿಂಗಳು ಬಾಯಿ ಬಾಯಿ ಬಡಿದುಕೊಂಡಿತು. ಆಮೇಲೆ ಅವರಿಬ್ಬರ ಪಂಕ್ಚರ್ ಅಂಗಡಿಗೇ ಗಾಡಿ ತಳ್ಳಿಕೊಂಡು ಬಂತು. ಅದು ಬಿಟ್ಟರೆ ಹೊಸನಗರದವರೆಗೂ ತಳ್ಳಬೇಕಿತ್ತಲ್ಲ.

"ಆಗಲ್ಲ ಅಂದ್ರೆ?" ಎಂದೆ.

"ನಿನ್ ಗುಡ್ಲು ಯಾರ್ ಜಾಗದಲ್ಲಿದೆ, ದುರ್ಗಮ್ಮಾ?"

ಅಲ್ಲಿಗೆ ಮಾತು ಮುಗಿಯಿತು. ಗುಡಿಸಲು ಹೋದರೆ ನನಗೆ ಬಸ್ ಸ್ಟ್ಯಾಂಡೇ ಗತಿ.

ಮರುದಿನ ಶಂಭುವನ್ನು ಕೊನೆಯ ಸಾಲಿಗೆ ಅಟ್ಟಿ, ವೇದಿಕೆಯ ಮೇಲೆ ಗುತ್ಯಪ್ಪನ ಪಕ್ಕದ ಕುರ್ಚಿಗೆ ನನ್ನನ್ನು ತಂದು ಕೂರಿಸಿದರು. ನಾನು ಉಟ್ಟಿದ್ದು ಒಡೆಯರ ಹೆಂಡತಿ ವಿಶಾಲಾಕ್ಷಮ್ಮನವರ ಸೀರೆ, ಪಾತ್ರೆ ಮಾರುವವನಿಗೆ ಕೊಡಲೆಂದು ಎತ್ತಿಟ್ಟದ್ದು.

"ದುರ್ಗಕ್ಕಾ, ನೀನೆಂತ ಇಲ್ಲಿ?"

"ನಾನು ನಿನ್ ಹೆಂಡ್ತಿಯಂತೆ ಕಣೋ. ಅರ್ಧ ಗಂಟೆ."

ಗುತ್ಯಪ್ಪ ದಡಕ್ಕನೆ ಏಳಲು ಹೋದ. ಅಂಗಿ ಹಿಡಿದು ಎಳೆದೆ. "ನೀ ಎದ್ರೆ ನನ್ ಗುಡ್ಲು ಹೋಗ್ತದೆ. ಕೂತ್ಕೋ ಮಾರಾಯಾ."

ಕೂತ. ಶತ್ರುವಿನ ಗುಂಡಿಗೆ ಬಗ್ಗದವನು ನನ್ನ ಸೋಗೆ ಗುಡಿಸಲಿಗೆ ಬಗ್ಗಿದ. ಹಿಂದುಗಡೆ ಶಂಭು ತನ್ನ ಬೂಟನ್ನೇ ನೋಡುತ್ತಿದ್ದ. ಬೆಳಿಗ್ಗೆ ಇಬ್ಬರೂ ಒಂದೇ ಡಬ್ಬಿಯ ಪಾಲಿಶು ಹಾಕಿ ತಿಕ್ಕಿದ ಬೂಟುಗಳು.

ತಹಶೀಲ್ದಾರರು ಗುತ್ಯಪ್ಪನಿಗೆ ಪೇಟ ತೊಡಿಸಿದರು. "ಈಗ ಇವರ ಧರ್ಮಪತ್ನಿಯವರಿಗೆ ಅರಿಶಿನ ಕುಂಕುಮ" ಎಂದು ಮೈಕು ಕೂಗಿತು. ವಿಶಾಲಾಕ್ಷಮ್ಮ ತಟ್ಟೆ ಹಿಡಿದು ಬಂದರು.

ನನ್ನ ಗಂಡ ಸತ್ತು ಹನ್ನೊಂದು ವರ್ಷ. ಅಂದಿನಿಂದ ಯಾವ ಹಬ್ಬದಲ್ಲಿ ಆಳು ಹೆಂಗಸರಿಗೆ ಕುಂಕುಮ ಕೊಡುತ್ತ ಬಂದರೂ, ನನ್ನ ಹತ್ತಿರ ಬಂದಾಗ ಆಯಮ್ಮನ ಕೈ ನನ್ನನ್ನು ದಾಟಿ ಪಕ್ಕದವಳ ಹಣೆಗೆ ಹೋಗುತ್ತಿತ್ತು. ಇವತ್ತೂ ಹಾಗೇ ದಾಟಿತು. ಪಕ್ಕದಲ್ಲಿದ್ದವನು ಗುತ್ಯಪ್ಪ. ಅವನು ಮುಖ ಹಿಂದಕ್ಕೆಳೆದುಕೊಂಡ, ಕುಂಕುಮ ಮೀಸೆಗೆ ಹತ್ತಿತು.

"ಅಯ್ಯೋ, ಇದ್ಕೆ ಗಂಡ ಇಲ್ಲೆ ಅಲ್ದ!" ಎಂದರು ವಿಶಾಲಾಕ್ಷಮ್ಮ, ಮೈಕಿನ ಮುಂದೆಯೇ.

ಜನ ಗೊಳ್ಳೆಂದಿತು. ತಹಶೀಲ್ದಾರರು ಕೆಂಪು ಮೀಸೆಯ ಗಂಡನನ್ನೂ ನನ್ನನ್ನೂ ಮಿಕಿಮಿಕಿ ನೋಡಿದರು.

"ಬಾಯ್ಮುಚ್ಕೊಂಡು ಕೂತಿರೇ, ಮುಂಡೆ!" ಒಡೆಯರು ಹಲ್ಲು ಕಚ್ಚಿ ಪಿಸುಗುಟ್ಟಿದರು. ಮೈಕಿಗೆ ಅದೂ ಕೇಳಿಸಿತು.

ಮೈಯೆಲ್ಲ ಉರಿದುಹೋಯಿತು. ಹನ್ನೊಂದು ವರ್ಷ ನನಗಿಲ್ಲದ ಕುಂಕುಮ ಇವರ ಸುಳ್ಳಿಗೆ ಬೇಕಾಯಿತಲ್ಲ! ಗುಡಿಸಲು ಹಾಳಾಗಿ ಹೋಗಲಿ ಎಂದು ಎದ್ದು ಮೈಕು ಎಳೆದುಕೊಂಡೆ.

"ಸಾಹೇಬ್ರೇ, ನಾ ಇವ್ನ ಹೆಂಡ್ತಿ ಅಲ್ಲ. ಒಡೇರ ಕೊಟ್ಗೆ ಬಾಚೋಳು. ಇವ್ನ ಜೋಡಿ ಅಲ್ಲಿ, ಲಾಸ್ಟ್ ಸಾಲಲ್ಲಿ ಕೂತಾನೆ. ಹತ್ತಿ ಬಾರೋ ಶಂಭು!"

ಶಂಭು ಅಲುಗಾಡಲಿಲ್ಲ. ಆಗ ಗುತ್ಯಪ್ಪ ಎದ್ದು, ಪೆರೇಡಿನ ಗಂಟಲಿನಲ್ಲಿ ಕೂಗಿದ: "ಶಂಭೂ! ತೇಜ್ ಚಲ್!"

ಅಭ್ಯಾಸವೋ ಪ್ರೀತಿಯೋ, ಶಂಭು ಎದೆ ಸೆಟೆಸಿ, ಬೂಟು ಕುಟ್ಟುತ್ತ ಬಂದ. ನಾನು ಬಿಟ್ಟ ಕುರ್ಚಿಯಲ್ಲಿ ಕೂತ. ತಟ್ಟೆಗೆ ಕೈ ಹಾಕಿ ಅವನ ಹಣೆಗೊಂದು ಇಟ್ಟೆ. ನನ್ನ ಹಣೆಗೂ ಅಗಲಕ್ಕೆ ಇಟ್ಟುಕೊಂಡೆ. ಕೆಲವರು ಎದ್ದು ಹೋದರು, ಉಳಿದವರು ಚಪ್ಪಾಳೆ ಹೊಡೆದರು. ತಹಶೀಲ್ದಾರರು ಏನೂ ತೋಚದೆ ಶಂಭುವಿನ ಕೈ ಕುಲುಕಿದರು.

"ನಾಳೆ ಬೆಳಿಗ್ಗೆಗೆ ಗುಡ್ಲು ಖಾಲಿಯಿರ್ಬೇಕು" ಎಂದರು ಒಡೆಯರು.

ಬೆಳಿಗ್ಗೆ ಗುದ್ದಲಿ ಹೊತ್ತ ಇಬ್ಬರು ಆಳುಗಳ ಜೊತೆ ಬಂದೇಬಿಟ್ಟರು. ನನ್ನ ಬಾಗಿಲ ಆಚೀಚೆ ಎರಡು ಕಪ್ಪು ಟ್ರಂಕು, ಅವುಗಳ ಮೇಲೆ ಗುತ್ಯಪ್ಪ ಮತ್ತು ಶಂಭು, ಸ್ವೆಟರಿಗೆ ಮೆಡಲು ಚುಚ್ಚಿಕೊಂಡು. ಶಂಭು ಎದ್ದು ನಿಂತು ಗುಡುಗಿದ: "ಥಮ್! ಕೌನ್ ಆತಾ ಹೈ?"

ಒಡೆಯರ ಎತ್ತಿದ ಕಾಲು ಎತ್ತಿದಲ್ಲೇ ನಿಂತಿತು. "ಇದು ನನ್ ಜಾಗ ಕಣ್ರೋ!"

"ಆ ಉತ್ತರ ನಡ್ಯಲ್ಲ ಒಡೇರೇ" ಎಂದ ಗುತ್ಯಪ್ಪ. ಅವನ ಮೀಸೆ ಇನ್ನೂ ಕೆಂಪಗಿತ್ತು. "ಕಾವಲಿನವ್ನು ಯಾರು ಬರ್ತಿರೋದು ಅಂತ ಕೇಳಿದ್ರೆ 'ದೋಸ್ತ್' ಅನ್ಬೇಕು. ಗೆಳೆಯ ಅಂತ. ಕನ್ನಡದಲ್ಲೇ ಅನ್ನಿ, ಬಿಡ್ತೀವಿ."

ಒಡೆಯರ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಆ ಒಂದು ಮಾತು ಮಾತ್ರ ಹೊರಗೆ ಬರಲಿಲ್ಲ. ಗುದ್ದಲಿಯ ಆಳುಗಳು ಗುದ್ದಲಿ ಇಳಿಸಿ ಕೂತರು. ನಾನು ಐದು ಲೋಟಕ್ಕೆ ಚಾ ಬಗ್ಗಿಸಿದೆ. ಒಡೆಯರು ತಮ್ಮದೇ ಜಾಗದಲ್ಲಿ ನಿಂತೇ ಇದ್ದರು.