ಸೋಪಿನ ಡಬ್ಬಿಯಲ್ಲಿ ಹೊತ್ತಿದ ಕಿಡಿ

ಪರೀಕ್ಷೆಗೆ ಹೋಗುವ ಗಾಡಿ ಫಳಫಳ ಹೊಳೆಯಬೇಕೆಂದು ಈರೇಶ ಬೆಳಗ್ಗೆಯೇ ಪೈಪು ಹಿಡಿದು ಹೆಂಡತಿಯ ಹಳೆಯ ಸ್ಕೂಟರಿಗೆ ಸ್ನಾನ ಮಾಡಿಸಿದ. ಗಾಡಿ ಹೊಳೆಯಿತು, ಸ್ಟಾರ್ಟ್ ಮಾತ್ರ ಆಗಲಿಲ್ಲ.

ಹೆಂಡತಿ ಜಯಮಾಲಾ ಕಿಕ್ಕರನ್ನು ಮತ್ತೆ ಮತ್ತೆ ಒದ್ದಳು. ನಾಳೆಗೆ ಅವಳ ಕಲಿಕೆಯ ಲೈಸೆನ್ಸು, ಎಲ್‌ಎಲ್‌ಆರ್, ಅವಧಿ ಮುಗಿಯುತ್ತದೆ. ನಾಳೆ ಹನ್ನೊಂದಕ್ಕೆ ಇಂದಿರಾನಗರದ ಆರ್‌ಟಿಓದಲ್ಲಿ ಟೆಸ್ಟು. ಪಾಸಾದರೆ ಸೋಮವಾರದಿಂದ ಅವಳು ದುಡಿಯುವ ಲ್ಯಾಬಿನವರು ಅವಳಿಗೆ ಮನೆಮನೆಗೆ ಹೋಗಿ ರಕ್ತ ತೆಗೆಯುವ ಕೆಲಸ ಕೊಡುತ್ತಾರೆ. ಇಲ್ಲದಿದ್ದರೆ ಆ ಜಾಗ ಇನ್ನೊಬ್ಬರಿಗೆ. ಹಲಸೂರಿನ ಆ ವಠಾರದಲ್ಲಿ ಉಳಿದವೆಲ್ಲ ಗೇರಿನ ಬೈಕುಗಳು. ಅವಳು ಕಲಿತದ್ದು ಗೇರಿಲ್ಲದ ಈ ಸ್ಕೂಟರೊಂದನ್ನೇ.

ಮೆಕ್ಯಾನಿಕ್ ಮುನೀರ್ ಬಂದು ಸೀಟಿನ ಕೆಳಗಿದ್ದ ಪುಟ್ಟ ಕಪ್ಪು ಡಬ್ಬಿ ತೋರಿಸಿದ. "ಪ್ಲಗ್ಗಿಗೆ ಕಿಡಿ ಕೊಡೋದು ಇದೇ ಅಕ್ಕಾ, ಸಿಡಿಐ. ಮೈಯೆಲ್ಲ ಬಿರುಕು, ಒಳಗೆ ನೀರು. ಹಳೇ ಮಾಡೆಲ್ಲು, ಹೊಸದು ಸಿಗೋಕೆ ಒಂದು ವಾರ."

"ಪೈಪು ಹಿಡಿದ ಕೈ ಯಾವುದೋ?" ಎಂದು ಮಹಡಿಯಿಂದ ದನಿ ಬಂತು. ಮನೆಯ ಒಡತಿ ಆದಿಲಕ್ಷ್ಮಮ್ಮ. ಕೆ.ಆರ್. ಪುರದ ಕಡೆ ಟೆಲಿಫೋನ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಸಾಲ್ಡರಿಂಗ್ ಮಾಡಿ ನಿವೃತ್ತರಾದವರು. ಈರೇಶ ಎರಡೂ ಕೈ ಬೆನ್ನ ಹಿಂದೆ ಅಡಗಿಸಿದ.

"ಬಯ್ಯಬ್ಯಾಡ್ರಿ ಅಮ್ಮಾರೆ, ನನ ಸಲುವಾಗೇ ತೊಳದಾರ," ಎಂದಳು ಜಯಮಾಲಾ. ಬೆಂಗಳೂರಿಗೆ ಬಂದು ಆರು ವರ್ಷವಾದರೂ ಮಾತಿನ್ನೂ ಕಲಬುರಗಿಯದೇ.

"ಬೈತಿಲ್ಲ ಕಣೇ. ಅದನ್ನ ಬಿಚ್ಕೊಂಡು ಮೇಲಕ್ಕೆ ಬಾ. ಒಳಗಿನ ಜೀವ ಹೋಗಿಲ್ಲ ಅಂದ್ರೆ ಹೊಸ ಮನೆ ಮಾಡಿ ಕೂರಿಸೋಣ."

ರಕ್ತದ ಟ್ಯೂಬಿಗೆ ಹೆಸರು ಬರೆಯದೆ ಕೆಳಗಿಡಬಾರದು ಎಂಬುದು ಜಯಮಾಲಾಳ ಕೆಲಸದ ಪಾಠ. ಬ್ಯಾಗಿನಿಂದ ಬಿಳಿ ಪ್ಲಾಸ್ಟರು ತೆಗೆದು ಡಬ್ಬಿಯ ಐದು ತಂತಿಗಳಿಗೂ ಸುತ್ತಿ ನಂಬರು ಬರೆದಳು. ಆದಿಲಕ್ಷ್ಮಮ್ಮ ಒಡೆದ ಪ್ಲಾಸ್ಟಿಕ್ಕನ್ನು ತೆಗೆದು, ಒಳಗೆ ಗಟ್ಟಿಯಾಗಿದ್ದ ಕಪ್ಪು ಅಂಟನ್ನು ಚೂರುಚೂರೇ ಬಿಡಿಸಿದಾಗ, ಯಾವ ತಂತಿ ಎಲ್ಲಿ ಸೇರಿದೆ ಎಂದು ಲ್ಯಾಬಿನದೊಂದು ಚೀಟಿಯ ಹಿಂದೆ ಚಿತ್ರವನ್ನೂ ಬರೆದುಕೊಂಡಳು.

ಬೆಸುಗೆಗಳೆಲ್ಲ ಹಸಿರುಗಟ್ಟಿದ್ದವು. ತಂತಿ ಬಿಡಿಸಿ, ಒರೆಸಿ, ಮಧ್ಯಾಹ್ನದವರೆಗೆ ಬಿಸಿಲಿಗಿಟ್ಟರು. ಆಮೇಲೆ ಆದಿಲಕ್ಷ್ಮಮ್ಮ ಬೀರುವಿನಿಂದ ಒಂದು ಅಲ್ಯುಮಿನಿಯಂ ಸೋಪಿನ ಡಬ್ಬಿ ತಂದರು. ಮುಚ್ಚಳದ ಮೇಲೆ ಮೊಳೆಯಲ್ಲಿ ಗೀಚಿದ ಅವರ ಕಾರ್ಖಾನೆಯ ಟೋಕನ್ ನಂಬರಿತ್ತು.

"ಬ್ಯಾಡ್ರಿ ಅಮ್ಮಾರೆ! ಇದು ನಿಮ್ಮ ಕಾರ್ಖಾನೆ ನೆನಪಿಂದು."

"ನೆನಪನ್ನ ಇಟ್ಕೊಂಡು ಕೈ ತೊಳೀಲಾ? ಹಿಡ್ಕೋ, ತೂತು ಕೊರೀತೀನಿ."

ತಳಕ್ಕೆ ಸೈಕಲ್ ಟ್ಯೂಬಿನ ತುಂಡು ಹಾಸಿದರು. ತೂತಿನ ಅಂಚು ತಂತಿಯನ್ನು ಕೊಯ್ಯಬಾರದಲ್ಲ? ಜಯಮಾಲಾ ಇನ್ನೂ ಬಳಸದ ರಕ್ತದ ಟ್ಯೂಬೊಂದರ ರಬ್ಬರ್ ಮುಚ್ಚಳ ಕತ್ತರಿಸಿ ಬಳೆಯ ಹಾಗೆ ತೊಡಿಸಿದಳು. "ಭಲೇ!" ಎಂದು ಆದಿಲಕ್ಷ್ಮಮ್ಮ ಸಾಲ್ಡರಿಂಗ್ ಕಡ್ಡಿ ಹಿಡಿದರು. ಅರವತ್ತರ ಕೈ ಚಕಚಕ ಓಡಿತು. ಐದು ತಂತಿಗೆ ಐದು ಹೊಳೆಯುವ ಬೊಟ್ಟು.

ಮುಗಿಸಿದವರೇ ಕನ್ನಡಕ ತೆಗೆದು ಹಿಂದೆ ಸರಿದರು. "ಈಗ ನೀನು ಇನ್‌ಸ್ಪೆಕ್ಟರು."

"ನಾನೇನ್ರಿ?"

"ನಮ್ಮ ಕಾರ್ಖಾನೆ ಲೈನಲ್ಲಿ ಯಾರೂ ತನ್ನ ಕೆಲಸ ತಾನೇ ಪಾಸ್ ಮಾಡೋ ಹಾಗಿರ್ಲಿಲ್ಲ. ಇನ್ನೊಬ್ಬಳು ನೋಡ್ಬೇಕು. ಜೋರು ಕರೆಂಟು ತಪ್ಪು ತಂತೀಲಿ ನುಗ್ಗಿದ್ರೆ ಒಂದೇ ಕಿಕ್ಕಿಗೆ ಸುಟ್ಟು ಬೂದಿ. ನೋಡು."

ಜಯಮಾಲಾ ಚೀಟಿ ಹಿಡಿದು ನೋಡಿದಳು. ಒಂದು ಸರಿ. ಎರಡು... ಅವಳ ಬೆರಳು ನಿಂತಿತು. ಎರಡು, ನಾಲ್ಕು ಅದಲುಬದಲಾಗಿದ್ದವು. ಬಿಸಿಗೆ ಬಣ್ಣ ಮಾಸಿ ಎರಡೂ ಒಂದೇ ಕಂದು; ಅಮ್ಮ ನಂಬರು ಬಿಟ್ಟು ಬಣ್ಣ ನೋಡಿ ಬೆಸೆದಿದ್ದರು. ಇಪ್ಪತ್ತೆರಡು ವರ್ಷದ ಕೈಗೆ ತಪ್ಪಾಗಿದೆ ಎಂದು ಹೇಳುವುದು ಹೇಗೆ? ಚಿತ್ರವೇ ತಪ್ಪಿದ್ದರೆ? ಪ್ಲಾಸ್ಟರಿನ ನಂಬರನ್ನು ಮತ್ತೆ ಓದಿದಳು. ತಪ್ಪಿರಲಿಲ್ಲ.

"ಅಮ್ಮಾರೆ... ಎರಡು ನಂಬರ್ ಇಲ್ಲಿರಬೇಕಿತ್ರಿ."

ಆದಿಲಕ್ಷ್ಮಮ್ಮ ಕನ್ನಡಕ ಏರಿಸಿ ಬಗ್ಗಿದರು. ಚೀಟಿ ನೋಡಿದರು, ತಂತಿ ನೋಡಿದರು. ಆಮೇಲೆ ನೆಲ ತಟ್ಟಿ ನಕ್ಕು ಕೆಳಕ್ಕೆ ಕೂಗಿದರು. "ರಿಜೆಕ್ಟ್! ನನ್ನ ಪೀಸನ್ನ ರಿಜೆಕ್ಟ್ ಮಾಡ್ಬಿಟ್ಳು ಕಣೋ ಮುನೀರ್! ಬಾಯ್ಮುಚ್ಕೊಂಡು ಪಾಸ್ ಮಾಡಿದ್ರೆ ಇಬ್ರೂ ಮುಳುಗ್ತಿದ್ವಿ."

ತಿದ್ದಿ ಬೆಸೆದು ಗಾಡಿಗೆ ಸೇರಿಸಿದರು. ಜಯಮಾಲಾ ಕಣ್ಣು ಮುಚ್ಚಿ ಒದ್ದಳು. ಏನಿಲ್ಲ. ಎರಡನೆಯ ಸಲ ಒಂದು ಕೆಮ್ಮು. ಮೂರನೆಯ ಕಿಕ್ಕಿಗೆ ಸ್ಕೂಟರು ಗರ್ರೆಂದು ಎದ್ದು ವಠಾರದ ತುಂಬ ಹೊಗೆ ಬಿಟ್ಟಿತು. ಮುನೀರ್ ಸಿಳ್ಳೆ ಹಾಕಿದ. ಈರೇಶ ಅಲ್ಲಿಯವರೆಗೆ ಬಚ್ಚಿಟ್ಟಿದ್ದ ಕೈಗಳಿಂದ ಚಪ್ಪಾಳೆ ತಟ್ಟಿದ. ಆಮೇಲೆ ಎರಡು ಟ್ಯೂಬು ಬೆರೆಸಿದರೆ ಗಟ್ಟಿಯಾಗುವ ಅಂಟನ್ನು ಕಲಸಿ ಡಬ್ಬಿಗೆ ಸುರಿದರು. ಬೆಳಗಾಗುವಷ್ಟರಲ್ಲಿ ಅದು ಕಲ್ಲಾಗಿತ್ತು.

ಮರುದಿನ ಜಯಮಾಲಾ ಕಾಲು ನೆಲಕ್ಕೆ ತಾಗಿಸದೆ ಎಂಟರ ಆಕಾರ ಸುತ್ತಿ ಬಂದಳು. ಆರ್‌ಟಿಓ ಸಾಹೇಬರು ತಲೆ ಎತ್ತದೆಯೇ, "ಪಾಸ್. ನೆಕ್ಸ್ಟ್," ಎಂದರು.

ಗೇಟಿನ ಬಳಿ ಆಟೋದಲ್ಲಿ ಬಂದಿಳಿದ ಈರೇಶ, ಆದಿಲಕ್ಷ್ಮಮ್ಮ ಕಾಯುತ್ತಿದ್ದರು. "ಪಾಸಾದೆನ್ರೀ!" ಎಂದು ಅವಳು ಕೂಗಿದ್ದಕ್ಕೆ ಸಾಲಲ್ಲಿ ನಿಂತವರೆಲ್ಲ ನಕ್ಕರು.

"ಎಲ್‌ಎಲ್‌ಆರ್ ಮುಗೀತು, ಇನ್ನು ಹಿಂದೆ ಒಬ್ರನ್ನ ಕೂರಿಸ್ಕೋಬಹುದು," ಎಂದ ಈರೇಶ, ತಾನೇ ಎರಡು ಹೆಜ್ಜೆ ಹಿಂದೆ ಸರಿದು. "ಅಮ್ಮಾರನ್ನ ಕರ್ಕೊಂಡ್ ಹೋಗು. ನಾ ಬಸ್ಸಿಗೆ ಬರ್ತೀನಿ."

ಆದಿಲಕ್ಷ್ಮಮ್ಮ ಹತ್ತುವ ಮೊದಲು ಸೀಟಿನ ಕೆಳಗೆ ಕೈ ತೂರಿಸಿ ಸೋಪಿನ ಡಬ್ಬಿಯನ್ನು ಮುಟ್ಟಿ ನೋಡಿದರು.

"ಬೆಚ್ಚಗಿದೆ ಅಷ್ಟೇ, ಸುಡ್ತಿಲ್ಲ," ಎಂದು ಸೆರಗು ಸಿಕ್ಕಿಸಿ ಕೂತರು. "ನಡಿ ಇನ್‌ಸ್ಪೆಕ್ಟರಮ್ಮಾ. ಜೋರಾಗೇ ಹೋಗು."