ಮ್ಯಾನೇಜರರ ಹಡಗು

ಬೆಂಚು ಕಾರ್ಖಾನೆಯ ಮ್ಯಾನೇಜರರಿಗೆ ಇದ್ದದ್ದು ಒಂದೇ ಚಟ, ನೋಟೀಸು ಬರೆಸುವುದು. ಅವರ ನೋಟೀಸಿನಲ್ಲಿ ಕಾರ್ಖಾನೆ ಒಮ್ಮೆ ಹಡಗು, ಒಮ್ಮೆ ಯುದ್ಧಭೂಮಿ, ಒಮ್ಮೆ ಜೇನುಗೂಡು. ಬೆಂಚಿನ ಸುದ್ದಿ ಮಾತ್ರ ಹುಡುಕಿದರೂ ಸಿಗದು! ಅದನ್ನೆಲ್ಲ ಟೈಪ್ ಮಾಡುವ ಕರ್ಮ ಟೈಪಿಸ್ಟ್ ಅಕ್ಕನದು. ಓದಿ ಸಹಿ ಹಾಕಬೇಕೆಂಬ ನಿಯಮವಿತ್ತು. ಕೆಲಸಗಾರರು ಸಹಿ ಹಾಕುತ್ತಿದ್ದರು, ಓದುವ ಉಸಾಬರಿಗೆ ಹೋಗುತ್ತಿರಲಿಲ್ಲ.

ಆ ಸೋಮವಾರ ಒಂದೂವರೆ ಪುಟ. ಬಿರುಗಾಳಿ ಬಂತು, ಅಲೆ ಎದ್ದಿತು, ಎಲ್ಲರೂ ಹುಟ್ಟು ಹಾಕಿದ್ದಾಯಿತು. ಕೊನೆಗೆ, "ಒಂದು ಹಾಯಿಯನ್ನು ಇಳಿಸಬೇಕಾದೀತು." ಅಕ್ಕನ ಬೆರಳುಗಳು ನಿಂತವು.

"ಹಾಯಿ ಅಂದ್ರೆ ಯಾವುದು ಸಾರ್?"

ಮ್ಯಾನೇಜರು ಕಿಟಕಿಯತ್ತ ತಿರುಗಿದರು. "ಜೋಡಣೆ ವಿಭಾಗ. ಆಗಿರೋದು ನೂರ ಅರವತ್ತು. ಶನಿವಾರದೊಳಗೆ ನಾನೂರು ಬೆಂಚು ಹೋಗ್ದಿದ್ರೆ ಆರ್ಡರ್ ಕೈ ತಪ್ಪುತ್ತೆ. ಆಮೇಲೆ ಮುಚ್ಚೋದೇ."

ಜೋಡಣೆ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಸ್ಕ್ರೂ ತಿರುಗಿಸುತ್ತಿದ್ದವನು ಅಕ್ಕನ ಗಂಡ. "ಈ ವಾರ ಅವಸರ ಏನಿಲ್ಲ ಕಣೇ" ಎಂದು ಬೆಳಿಗ್ಗೆಯಷ್ಟೇ ಆರಾಮಾಗಿ ಹೇಳಿದ್ದ, ಪಾಪ!

ಅವಳು ಹಾಳೆ ಬದಲಿಸಿದಳು. 'ಶನಿವಾರದೊಳಗೆ ನಾನೂರು ಬೆಂಚು ಬೇಕು. ಆಗಿರುವುದು ನೂರ ಅರವತ್ತು. ಆಗದಿದ್ದರೆ ಜೋಡಣೆ ವಿಭಾಗ ಮುಚ್ಚುತ್ತದೆ.' ಇಷ್ಟೇ. ಉಳಿದ ಕಾಗದಗಳ ನಡುವೆ ಇಟ್ಟು ಮುಂದೆ ಚಾಚಿದಳು. ಮ್ಯಾನೇಜರು ಸರಸರನೆ ಸಹಿ ಹಾಕಿದರು. ಓದದೆ ಸಹಿ ಹಾಕುವ ರೋಗ ಆ ಕಾರ್ಖಾನೆಯಲ್ಲಿ ಮೇಲಿನಿಂದಲೇ ಇಳಿದು ಬಂದದ್ದು.

ನೋಟೀಸು ಹಚ್ಚಿದ ಐದೇ ನಿಮಿಷಕ್ಕೆ, ಸಹಿ ಹಾಕಲು ಬಂದ ಬಣ್ಣ ಬಳಿಯುವವನು ಮೂರೇ ಸಾಲು ಕಂಡು ಓದಿ ಕೂಗಿದ, "ಬನ್ರೋ ಇಲ್ಲಿ, ಇದು ಬೆಂಚಿನ ವಿಷಯ!"

ಮರ ಕೊಯ್ಯುವವರು, ಬಣ್ಣದವರು, ಕೊನೆಗೆ ಗೇಟಿನ ಕಾವಲುಗಾರನೂ ಜೋಡಣೆಗೆ ಕೈ ಹಾಕಿದರು. ಶನಿವಾರ ಮಧ್ಯಾಹ್ನ ನಾನೂರನೆಯ ಬೆಂಚು ಲಾರಿ ಹತ್ತಿತು. ಅಕ್ಕನ ಗಂಡ ಕೈಯ ಬೊಬ್ಬೆಗಳನ್ನು ಪದಕ ಬಂದವನಂತೆ ತೋರಿಸುತ್ತ ತಿರುಗಿದ.

ಅಷ್ಟರಲ್ಲಿ, ಅಂದಷ್ಟೇ ಕಣ್ಣಿಗೆ ಬಿದ್ದ ನೋಟೀಸನ್ನು ಕಿತ್ತುಕೊಂಡು ಮ್ಯಾನೇಜರು ಬಂದರು.

"ಏನಮ್ಮಾ, ನನ್ನ ಹಡಗೆಲ್ಲಿ?"

ಕೆಲಸ ಹೋದರೆ ಹೋಗಲಿ ಅಂದುಕೊಂಡಳು ಅಕ್ಕ. "ದಡ ಸೇರ್ತು ಸಾರ್."

ಮ್ಯಾನೇಜರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕುರ್ಚಿ ಎಳೆದು ಕೂತು ಮೆಲ್ಲಗೆ ಹೇಳಿದರು, "ಮುಚ್ಚುತ್ತೆ ಅಂತ ಕೆಲಸಗಾರರಿಗೆ ಹೇಳೋಕೆ ಬಾಯಿ ಬರ್ಲೇ ಇಲ್ಲಮ್ಮಾ. ಅದಕ್ಕೇ ಹಡಗು, ಬಿರುಗಾಳಿ ಎಲ್ಲ." ಇಷ್ಟು ದಿನ ಬೈದುಕೊಂಡಿದ್ದ ಆ ಮನುಷ್ಯನ ಮೇಲೆ ಅಕ್ಕನಿಗೆ ಅಕ್ಕರೆ ಬಂತು.

ಸೋಮವಾರದ ನೋಟೀಸನ್ನು ಅವರು ಕೈಯಾರೆ ಬರೆದಿದ್ದರು: 'ಎಲ್ಲರಿಗೂ ಧನ್ಯವಾದ. ನಾಳೆ ರಜೆ.' ಅದನ್ನು ಮಾತ್ರ ಎಲ್ಲರೂ ಎರಡೆರಡು ಸಲ ಓದಿ ಸಹಿ ಹಾಕಿದರು. ಕೆಳಗೆ ಮೂಲೆಯಲ್ಲಿ ಚಿಕ್ಕದೊಂದು ಹಡಗಿನ ಚಿತ್ರವಿತ್ತು. ಅಕ್ಕ ನೋಡಿದಳು, ಇರಲಿ ಬಿಡು ಎಂದು ಹಾಗೆಯೇ ಗೋಡೆಗೆ ಹಚ್ಚಿದಳು.